ಎಲೆ ಎಸೆದು ಬದುಕಿದ ಡೋರೀನ್

ಗುರುವಾರ ಸಂಜೆ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನಲ್ಲಿ ನಾವು 'ಐನೂರು' ಆಡುತ್ತೇವೆ. ಎದುರುಬದುರು ಕೂತವರು ಜೋಡಿ. ಎಲೆ ಹಂಚಿದ ಮೇಲೆ ಇಷ್ಟು ಕೈ ನಾವು ಗೆಲ್ಲುತ್ತೇವೆ ಎಂದು ಮೊದಲೇ ಕೂಗಬೇಕು. ಕೂಗಿದಷ್ಟು ಗೆದ್ದರೆ ಅಂಕ, ತಪ್ಪಿದರೆ ಮುಖಭಂಗ. ನಮ್ಮ ದ್ವೀಪದ ಈ ಬರ್ನಿ ಊರಿನಲ್ಲಿ ಈ ಇಸ್ಪೀಟಾಟ ಬಾರದವರಿಲ್ಲ. ನನ್ನ ಜೋಡಿ ಡೋರೀನ್ ಮೆಡ್ವಿನ್. ಕಾಗದದ ಗಿರಣಿಯಲ್ಲಿ ನಾವಿಬ್ಬರೂ ಹುಡುಗಿಯರಾಗಿದ್ದ ಕಾಲದಿಂದಲೂ ಅವಳೇ. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೂಗಿದ್ದು ನನಗೆ ನೆನಪಿಲ್ಲ. ಕೈತುಂಬ ರಾಜ ರಾಣಿಯರಿದ್ದರೂ ಕನ್ನಡಕ ಸರಿಮಾಡಿಕೊಂಡು "ಪಾಸ್" ಅನ್ನುತ್ತಾಳೆ. ಕೂಗುವ ಹಣೆಬರಹವೆಲ್ಲ ನನ್ನದು, ಸೋತಾಗ ಬೈಸಿಕೊಳ್ಳುವುದೂ ನನ್ನದೇ.

"ಅಷ್ಟೊಳ್ಳೆ ಎಲೆ ಇಟ್ಕೊಂಡು ಯಾಕೆ ಸುಮ್ಮನಿದ್ದೆ?" ಎಂದು ನಾನು ಹಲ್ಲು ಕಡಿಯುತ್ತಿದ್ದೆ.

"ಇನ್ನೊಂದು ಎಕ್ಕ ಇದ್ದಿದ್ರೆ ಕೂಗ್ತಿದ್ದೆ ಕಣೇ ನೋಲಾ."

"ನಿನ್ನ ಆ ಇನ್ನೊಂದು ಎಕ್ಕ ಈ ಜನ್ಮದಲ್ಲಿ ಬರಲ್ಲ ಬಿಡು."

ಇಸ್ಪೀಟಿನಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಒಬ್ಬ ಒಳ್ಳೆಯ ಗಂಡಸು ಇವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಯೋಚಿಸಿ ಹೇಳುತ್ತೇನೆ ಎಂದಳು. ಇವಳ ಯೋಚನೆ ಮುಗಿಯುವುದರೊಳಗೆ ಅವನು ಪಕ್ಕದ ಊರು ಡೆವನ್‌ಪೋರ್ಟಿನವಳೊಬ್ಬಳನ್ನು ಕಟ್ಟಿಕೊಂಡು ಎರಡು ಮಕ್ಕಳ ತಂದೆಯಾಗಿದ್ದ. ಇವಳು ಅತ್ತಳೇ ಎಂದರೆ ಅದೂ ಇಲ್ಲ. "ಅವನೇ ಸರಿಯಾದವನು ಅಂತ ಖಾತ್ರಿ ಇರ್ಲಿಲ್ಲ" ಎಂದಳು. ಆ ಹೊತ್ತಿನಲ್ಲಿ ನನಗೆ ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತ್ತು.

ಕಾಗದದ ಗಿರಣಿಯಲ್ಲಿ ನಮ್ಮದು ಹಾಳೆ ಆರಿಸುವ ಕೆಲಸ. ದೊಡ್ಡ ಮೇಜಿನ ಮೇಲೆ ಕಟ್ಟು ಬಂದು ಬೀಳುತ್ತಿತ್ತು. ಒಂದೊಂದೇ ಹಾಳೆ ಎತ್ತಿ ಬೆಳಕಿಗೆ ತಿರುವಿ, ಸುಕ್ಕು, ಕಲೆ, ಹರಕು ಇದ್ದರೆ ಪಕ್ಕಕ್ಕೆಸೆಯಬೇಕು. ನಾನು ಆ ಕೆಲಸವನ್ನು ಶಾಪ ಹಾಕುತ್ತ ಮಾಡಿದೆ. ಡೋರೀನ್ ಅದನ್ನು ಇಷ್ಟಪಟ್ಟು ಮಾಡಿದಳು. ಕೆಟ್ಟದ್ದನ್ನು ಎಸೆಯುವುದರಲ್ಲಿ ಅವಳಿಗೆ ಬೇಸರವೇ ಇರಲಿಲ್ಲ. ಗಿರಣಿ ಮುಚ್ಚಿದಾಗ ಗಂಡಸರು ಸಮುದ್ರ ದಾಟಿ ಗಣಿಗಳಿಗೆ ಹೋದರು, ನಾನು ಬೇಕರಿಯಲ್ಲಿ ಪೈ ಬೇಯಿಸಲು ಸೇರಿದೆ. ಡೋರೀನ್‌ಗೆ ಅರವತ್ತು ಹತ್ತಿರವಾಗಿತ್ತು. ಪಿಂಚಣಿ ಬರುವ ವಯಸ್ಸು ಇನ್ನೂ ಆಗಿರಲಿಲ್ಲ, ಕೆಲಸ ಕೊಡುವ ವಯಸ್ಸು ಎಂದೋ ಕಳೆದಿತ್ತು. ಸರ್ಕಾರದ ಭತ್ಯೆಗೆ ಸಾಲು ನಿಲ್ಲಲು ಅವಳು ಒಪ್ಪಲಿಲ್ಲ. ಅವಳ ಅಪ್ಪ ಅವ್ವ ಯಾರೂ ನಿಂತವರಲ್ಲವಂತೆ. ನಮ್ಮಪ್ಪ ನಿಂತಿದ್ದ, ಅವನಿಗೇನೂ ಕೊಂಬು ಮುರಿದಿರಲಿಲ್ಲ. ಹಾಗಂತ ಹೇಳಿದರೆ ಕೇಳುವವಳಲ್ಲ.

ಕೆಲಸ ಕಳೆದುಕೊಂಡವರಿಗೆಂದು ಲೈಬ್ರರಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅಲ್ಲಿ ಪಕ್ಕದಲ್ಲಿ ಕೂತವನೊಬ್ಬ ಪಾಠ ಬಿಟ್ಟು ಇಂಟರ್ನೆಟ್ಟಿನ ಸೈಟೊಂದರಲ್ಲಿ ಪೋಕರ್ ಎಂಬ ಜೂಜಿನ ಇಸ್ಪೀಟು ಆಡುತ್ತಿದ್ದುದನ್ನು ಇವಳು ನೋಡಿದ್ದಾಳೆ. ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿದಂತೆ ಟೇಬಲ್ಲಿನ ಮೇಲೆ ಐದು ಎಲೆ, ನಡುವೆ ದುಡ್ಡಿನ ರಾಶಿ. ದೊಡ್ಡ ಎಲೆಯವರಿಗೆ ರಾಶಿ, ಉಳಿದವರೆಲ್ಲ ಎಲೆ ಎಸೆದರೆ ಕೊನೆಗೆ ಉಳಿದವರಿಗೆ. ಎಲೆ ಚೆನ್ನಾಗಿಲ್ಲದಿದ್ದರೆ ಎಸೆದು ಸುಮ್ಮನೆ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ಡೋರೀನ್‌ಗೆ ಅದು ಹಾಳೆ ಆರಿಸುವ ಕೆಲಸವೇ ಅನ್ನಿಸಿತು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಶುರುಮಾಡಿಯೇಬಿಟ್ಟಳು. ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ.

ನಾನು ಕೂಗಾಡಿದೆ. ಕ್ಲಬ್ಬಿನ ಜೂಜಿನ ಯಂತ್ರಗಳ ಮುಂದೆ ಕೂತು ಮನೆ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ನನಗೆ ಚಹಾ ಕೊಟ್ಟು ಸಮಾಧಾನವಾಗಿ ವಿವರಿಸಿದಳು.

"ನಾನು ಆಟದಲ್ಲಿ ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ ಕಣೇ. ನನ್ನ ಸಂಬಳ ಬರೋದು ಪಾಯಿಂಟಿನಿಂದ."

ಅವಳು ಹೇಳಿದ್ದು ಇಷ್ಟು. ಪ್ರತಿ ಆಟದ ರಾಶಿಯಿಂದಲೂ ಆಟ ನಡೆಸುವ ಸೈಟಿನವರು ತಮ್ಮ ಪಾಲೆಂದು ಒಂದು ಚಿಟಿಕೆ ಎತ್ತಿಕೊಳ್ಳುತ್ತಾರೆ. ಆ ಉರಿ ಜನಕ್ಕೆ ತಾಕಬಾರದೆಂದು, ನಿಷ್ಠೆಗೆ ಬಹುಮಾನ ಎಂಬ ಹೆಸರಿನಲ್ಲಿ ಪಾಯಿಂಟು ಕೊಡುತ್ತಾರೆ. ಪಾಯಿಂಟು ಕೂಡಿದಂತೆ ತಾಮ್ರ, ಬೆಳ್ಳಿ, ಚಿನ್ನ, ನೀಲಮಣಿ ಎಂದು ಮೆಟ್ಟಿಲು ಹತ್ತಬಹುದು. ಮೇಲೆ ಹೋದಷ್ಟೂ ಅದೇ ಪಾಯಿಂಟಿಗೆ ಹೆಚ್ಚು ದುಡ್ಡು. ಆದರೆ ಮೆಟ್ಟಿಲು ಯಾರಪ್ಪನ ಆಸ್ತಿಯೂ ಅಲ್ಲ. ಪ್ರತಿ ತಿಂಗಳೂ ಸೊನ್ನೆಯಿಂದ ಮತ್ತೆ ಕೂಡಿಸಬೇಕು, ಕೂಡಿಸದಿದ್ದರೆ ಕೆಳಕ್ಕೆ ದಬ್ಬುತ್ತಾರೆ. ಇದೆಲ್ಲ ಎಲ್ಲ ಆಟಗಾರರಿಗೂ ಗೊತ್ತಿದ್ದದ್ದೇ. ಡೋರೀನ್ ಮಾತ್ರ ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿದ್ದಳು. ಎಲೆ ಹಂಚಿಸಿಕೊಂಡವರಿಗೆಲ್ಲ ಪಾಯಿಂಟು ಸಮಪಾಲು ಎಂದು ಅಲ್ಲಿ ಬರೆದಿತ್ತು. ರಾಶಿಗೆ ದುಡ್ಡು ಹಾಕಿದವನಿಗೂ ಅಷ್ಟೇ, ಎಲೆ ಎಸೆದು ಚಹಾ ಕುಡಿಯುತ್ತ ಕೂತವಳಿಗೂ ಅಷ್ಟೇ.

"ಅಂದ್ರೆ ಎಸೆಯೋದಕ್ಕೆ ದುಡ್ಡು ಕೊಡ್ತಾರಾ?" ಎಂದೆ.

"ಗಿರಣಿಯವರೂ ಅದಕ್ಕೇ ಅಲ್ವಾ ಕೊಡ್ತಿದ್ದದ್ದು?" ಎಂದಳು.

ಬೆಳಿಗ್ಗೆ ಆರಕ್ಕೆ ಗಿರಣಿಯ ಪಾಳಿಯ ಹೊತ್ತಿಗೇ ಅವಳು ಮೇಜಿನ ಮುಂದೆ ಕೂರುತ್ತಿದ್ದಳು. ಆಗ ಯುರೋಪಿನವರು ರಾತ್ರಿಯ ಊಟ ಮುಗಿಸಿ ಆಟಕ್ಕೆ ಬರುವ ಹೊತ್ತು. ಪರದೆಯ ಮೇಲೆ ಒಂದೇ ಸಲ ಎಂಟು ಟೇಬಲ್ ತೆರೆದು, ಎಲೆ ಬಂದಂತೆಲ್ಲ ಎಸೆಯುವುದು. ಅಪರೂಪಕ್ಕೆ ಎಕ್ಕದ ಜೋಡಿಯೋ ರಾಜರ ಜೋಡಿಯೋ ಬಂದರೆ ಮಾತ್ರ ದುಡ್ಡು ಇಡುವುದು. ಸುತ್ತಿಗೊಮ್ಮೆ ಕಡ್ಡಾಯವಾಗಿ ಇಡಬೇಕಾದ ಚಿಲ್ಲರೆ ಅದರಿಂದ ವಾಪಸು ಬರುತ್ತಿತ್ತು. ಮಧ್ಯಾಹ್ನಕ್ಕೆ ಪಾಳಿ ಮುಗಿಸಿ ತೋಟಕ್ಕೆ ನೀರು ಹಾಕಲು ಹೋಗುತ್ತಿದ್ದಳು. ಒಂದು ವರ್ಷದಲ್ಲಿ ನೀಲಮಣಿಯ ಮೆಟ್ಟಿಲು ಮುಟ್ಟಿದಳು. ಸೈಟಿನವರು ಒಂದು ನೀಲಿ ಜಾಕೀಟು ಕಳಿಸಿದರು, ಬೆನ್ನ ಮೇಲೆ ದೊಡ್ಡದಾಗಿ ನಕ್ಷತ್ರ. ಅದನ್ನು ತೊಟ್ಟು ಚರ್ಚಿಗೆ ಬಂದಳು. ಪಾದ್ರಿ ಅದನ್ನು ಯಾವುದೋ ವಿಮಾನ ಕಂಪನಿಯದೆಂದುಕೊಂಡು, "ಯಾವಾಗ ಪ್ರಯಾಣ?" ಎಂದು ಕೇಳಿದ. ಇವಳು ಸುಳ್ಳು ಹೇಳಲಾರದವಳು, ಪಾದ್ರಿಗೆ ಪೋಕರಿನ ನಿಯಮಗಳನ್ನು ಹೇಳಿಕೊಡಲು ಹೊರಟಳು. ನಾನು ತೋಳು ಹಿಡಿದು ಎಳೆದುಕೊಂಡು ಬಂದೆ.

ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಹೆಮ್ಮೆಯೇ ಆಯಿತು. ಊರಿನ ಅರ್ಧ ಜನ ಕೈಚೆಲ್ಲಿ ಕೂತಿದ್ದಾಗ ಈ ಮುದುಕಿ ಯಾರಿಗೂ ಕೈಯೊಡ್ಡದೆ, ಯಾರನ್ನೂ ದೋಚದೆ, ತನ್ನ ತಾಳ್ಮೆಯೊಂದನ್ನೇ ಮಾರಿಕೊಂಡು ಅನ್ನ ಸಂಪಾದಿಸುತ್ತಿದ್ದಳು.

ಹೊಸ ವರ್ಷದ ಹೊತ್ತಿಗೆ ಸೈಟಿನವರು ಬಹುಮಾನದ ನಿಯಮ ಬದಲಿಸಿದರು. 'ಹೆಚ್ಚು ನ್ಯಾಯವಾದ ಹೊಸ ವ್ಯವಸ್ಥೆ' ಎಂದು ಸಂದೇಶದ ತುದಿಯಲ್ಲಿ ಪಟಾಕಿಯ ಚಿತ್ರ ಬೇರೆ. ಇನ್ನು ಮುಂದೆ ರಾಶಿಗೆ ಯಾರು ಎಷ್ಟು ದುಡ್ಡು ಹಾಕುತ್ತಾರೋ ಅವರಿಗೆ ಅಷ್ಟೇ ಪಾಯಿಂಟು. ಎಸೆದು ಕೂತವರಿಗೆ ಏನೂ ಇಲ್ಲ. ಡೋರೀನ್ ಅದನ್ನು ನನಗೆ ಓದಿ ಹೇಳಿದಾಗ ಅವಳ ದನಿ ಗಿರಣಿ ಮುಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಆಟದ ರೀತಿ ಬದಲಿಸುತ್ತಿದ್ದರು, ಇಲ್ಲ ಆಟವನ್ನೇ ಬಿಡುತ್ತಿದ್ದರು. ಡೋರೀನ್ ಮಾಡಿದ್ದು ಹಾಳೆ ಆರಿಸುವವಳು ಮಾತ್ರ ಮಾಡುವಂಥ ತಪ್ಪು. ಹಾಳೆಗೆ ಕೊಡುವ ಕೂಲಿ ಇಳಿದರೆ ಹೆಚ್ಚು ಹಾಳೆ ನೋಡಿದರಾಯಿತು ಎಂದುಕೊಂಡಳು. ಎಂಟು ಟೇಬಲ್ ಹದಿನಾರಾಯಿತು, ಆಮೇಲೆ ಪರದೆ ತುಂಬ ಅಂಚೆಚೀಟಿಯಷ್ಟು ಸಣ್ಣ ಸಣ್ಣ ಟೇಬಲ್‌ಗಳಾದವು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಪಾಳಿ ಸಂಜೆಗೆ ಹೋಯಿತು. ಎಷ್ಟು ಎಸೆದರೂ ಪಾಯಿಂಟು ಮಾತ್ರ ತೊಟ್ಟಿಕ್ಕುತ್ತಿತ್ತು. ಮೊದಲ ತಿಂಗಳ ಕೊನೆಗೆ ನೀಲಮಣಿಯಿಂದ ಚಿನ್ನಕ್ಕಿಳಿದಳು, ಮರು ತಿಂಗಳು ಬೆಳ್ಳಿಗೆ. ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಗುರುವಾರ ಎಲೆ ಹಿಡಿಯಲೂ ಆಗದೆ ನನ್ನೆದುರು ಕೂತು ಎಡಗೈಯಲ್ಲಿ ತಡಕಾಡುತ್ತಿದ್ದಳು.

ಅಡಿಲೇಡಿನಲ್ಲಿರುವ ಅವಳ ಅಕ್ಕ ಜಾಯ್ಸ್‌ಗೆ ಸುದ್ದಿ ಹೇಗೋ ಮುಟ್ಟಿತು. ಜಾಯ್ಸ್ ಕೆಟ್ಟವಳಲ್ಲ, ಆದರೆ ಅವಳ ಒಳ್ಳೆಯತನದಲ್ಲಿ ಉಸಿರುಕಟ್ಟುತ್ತದೆ. ತನ್ನ ಮನೆಯ ಹಿಂದಿನ ಕೋಣೆ ಖಾಲಿಯಿದೆ, ಬಂದು ಇದ್ದುಬಿಡು, ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರಲು ಒಬ್ಬರು ಬೇಕು, ಊಟಕ್ಕೆ ನಿನಗೇನೂ ಖರ್ಚಾಗದು ಎಂದಳು. ಈಸ್ಟರ್ ಒಳಗೆ ಹೇಳದಿದ್ದರೆ ಕೋಣೆಯನ್ನು ಬಾಡಿಗೆಗೆ ಕೊಡುತ್ತೇನೆ ಎಂದಳು. ಇಷ್ಟು ವಯಸ್ಸಾದ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆ! ಡೋರೀನ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವಳ ಸ್ವಭಾವ ನಿಮಗೆ ಈಗಾಗಲೇ ಗೊತ್ತಲ್ಲ.

ಮಾರ್ಚ್ ಮೊದಲಲ್ಲಿ ಒಂದು ದಿನ ನಾನು ಬೇಕರಿಯಲ್ಲಿ ಸ್ಕಾಲಪ್ ಎಂಬ ಚಿಪ್ಪುಮೀನು ತುಂಬಿದ ಪೈಗಳನ್ನು ಒಲೆಯಿಂದ ತೆಗೆಯುತ್ತಿದ್ದೆ. ಡೋರೀನ್ ಒಳಗೆ ಬಂದು ಕಿಟಕಿಯ ಪಕ್ಕ ಕೂತಳು. ಬೆಳಗಿನ ಪಾಳಿಯ ಹೊತ್ತಿನಲ್ಲಿ ಅವಳು ಬೀದಿಗೆ ಬಂದದ್ದೇ ಇಲ್ಲ. ನಾನು ಕೈ ಒರೆಸಿಕೊಂಡು ಅವಳ ಮುಂದೆ ಒಂದು ಪೈ ಇಟ್ಟೆ.

"ಎಕ್ಕದ ಜೋಡಿ ಎಸೆದುಬಿಟ್ಟೆ ನೋಲಾ," ಎಂದಳು.

"ಏನಂದೆ?"

"ಎರಡು ಎಕ್ಕ ಬಂದಿತ್ತು. ಕಣ್ಣು ನೋಡಿತ್ತು, ಕೈ ಎಸೆದುಬಿಡ್ತು. ಅಷ್ಟೂ ಟೇಬಲ್ಲಿನಲ್ಲಿ ಎಸೆದು ಎಸೆದು ಅದಕ್ಕೆ ಅದೇ ಅಭ್ಯಾಸ ಆಗೋಗಿದೆ." ಅವಳ ಕಣ್ಣು ತುಂಬಿತ್ತು. "ಗಿರಣಿಯಲ್ಲಿ ಒಂದೇ ಒಂದು ದಿನ ಒಳ್ಳೆ ಹಾಳೆ ಎಸೆದವಳಲ್ಲ ನಾನು. ಸಾಕು. ಜಾಯ್ಸ್ ಹತ್ರ ಹೋಗಿಬಿಡ್ತೀನಿ."

ನನಗೆ ಏನಾಯಿತೋ ತಿಳಿಯದು, ತಲೆ ಕೆಟ್ಟಿತು. ಗಿರಾಕಿಗಳಿದ್ದಾರೆ ಎಂಬುದನ್ನೂ ಮರೆತೆ.

"ಹೋಗು! ಹೋಗಿ ಅವಳ ಮೊಮ್ಮಕ್ಕಳ ಮೂಗು ಒರೆಸಿಕೊಂಡಿರು! ಕ್ರೇನಿನವನ್ನ ಎಸೆದೆ, ಎಕ್ಕ ಎಸೆದೆ, ಈಗ ನನ್ನನ್ನೂ ಎಸೆದು ಹೋಗು!"

"ನಿನ್ನನ್ನ ಯಾಕೆ ಎಸೀಲೇ?"

"ಮತ್ತೆ ಗುರುವಾರ ನಾನು ಯಾರನ್ನ ಎದುರಿಗೆ ಕೂರಿಸ್ಕೊಂಡು ಬೈಯಲಿ? ಕ್ಲಬ್ಬಿಗೆ ಬರ್ತಾಳಲ್ಲ, ಆ ಬ್ಯಾಂಕಿನವಳನ್ನಾ? ನನಗೂ ವಯಸ್ಸಾಯ್ತು ಡೋರೀನ್. ಹೊಸದಾಗಿ ಜಗಳ ಆಡೋಕೆ ಯಾರೂ ಬೇಡ ನನಗೆ."

ಹೀಗೆಂದು ನನಗೇ ಅಳು ಬಂತು. ಪೈ ತಣ್ಣಗಾಗುತ್ತಿತ್ತು. ಮೂಗು ಒರೆಸಿಕೊಂಡು ಕೇಳಿದೆ.

"ಎಸೆಯೋದಕ್ಕೆ ದುಡ್ಡು ಕೊಡಲ್ಲ ಅಂದ್ರೆ, ದುಡ್ಡು ಇಡು. ಅಷ್ಟೇ ತಾನೆ? ಇಡೋಕೆ ಏನು ರೋಗ?"

"ಎಲೆ ಬರಬೇಕಲ್ಲ."

"ಬರದೇ ಇದ್ರೂ ಇಡ್ತಾರಲ್ಲ ಜನ!"

"ಅದು ಸುಳ್ಳು ಹೇಳಿದ ಹಾಗೆ ಕಣೇ. ನನಗೆ ಸುಳ್ಳು ಬರಲ್ಲ, ನಿನಗೇ ಗೊತ್ತು. ಹಿಡಿದುಬಿಡ್ತಾರೆ."

"ಯಾರು ಹಿಡೀತಾರೆ ನಿನ್ನನ್ನ? ನೀನು ಒಂದು ಗುರುವಾರ ಎದ್ದು ಕೂತು 'ಎಂಟು ಆಟೀನು' ಅಂತ ಕೂಗಿ ನೋಡು. ನಾನು ಎಲೆ ನೋಡದೇ ನಂಬ್ತೀನಿ. ಎದುರಾಳಿಗಳು ಕೋಟು ಹಾಕ್ಕೊಂಡು ಮನೆಗೇ ಹೋಗ್ತಾರೆ!"

ಫೋರ್ಕು ಹಿಡಿದಿದ್ದ ಅವಳ ಕೈ ಹಾಗೇ ನಿಂತಿತು.

"ಅವರೂ ಹಾಗೇ ಮಾಡ್ತಾರೆ," ಎಂದಳು ನಿಧಾನಕ್ಕೆ.

"ಯಾರು?"

"ಟೇಬಲ್‌ನವರು. ಎರಡು ವರ್ಷದಿಂದ ಅವರೇ ಜನ ಬರ್ತಾರೆ, ನಾನು ಹೇಗೆ ಆಡ್ತೀನಿ ಅಂತ ಎಲ್ಲರಿಗೂ ಬಾಯಿಪಾಠ. ನಾನು ದುಡ್ಡಿಟ್ಟ ತಕ್ಷಣ ಎಲ್ಲರೂ ಎಲೆ ಎಸೆದು ಓಡ್ತಾರೆ. ಎಕ್ಕದ ಜೋಡಿ ಬಂದ್ರೂ ಒಬ್ಬನೂ ದುಡ್ಡು ಕೊಡಲ್ಲ. ಅದೇ ನನ್ನ ದೊಡ್ಡ ಕಷ್ಟ."

"ಅಯ್ಯೋ ದೇವರೇ! ಹಾಗಾದ್ರೆ ಎಕ್ಕ ಇಲ್ಲದಿದ್ದಾಗ ಇಡೇ, ಪೆದ್ದಿ!"

ಬೇಕರಿಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಡೋರೀನ್ ಮುಖದಲ್ಲಿ ನಗು ಬರಲೋ ಬೇಡವೋ ಎಂಬಂತೆ ನಿಂತಿತ್ತು. ಆಮೇಲೆ ಪೈ ಪೂರ್ತಿ ತಿಂದು, ತಟ್ಟೆಯಲ್ಲಿ ಚೂರೂ ಬಿಡದೆ, ಎದ್ದು ಹೋದಳು.

ಅವಳು ಮರುದಿನವೇ ಧೈರ್ಯವಂತೆಯಾದಳು ಎಂದು ಬರೆದರೆ ಅದು ಕಟ್ಟುಕಥೆ. ಮೊದಲು ಟೇಬಲ್‌ಗಳನ್ನೆಲ್ಲ ಮುಚ್ಚಿ ನಾಲ್ಕಕ್ಕೆ ಇಳಿಸಿದಳು. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಳು. ಲೈಬ್ರರಿಯಿಂದ ಪೋಕರಿನ ದಪ್ಪ ಪುಸ್ತಕವೊಂದನ್ನು ತಂದು, ಬೈಬಲ್ ಓದುವ ಹಾಗೆ ದಿನಕ್ಕೆ ಒಂದು ಅಧ್ಯಾಯ ಓದಿದಳು. ಯಾವ ಎಲೆಯಲ್ಲಿ ದುಡ್ಡಿಡಬಹುದು, ಯಾವ ಜಾಗದಲ್ಲಿ ಕೂತಾಗ ಇಡಬಹುದು, ಎಲ್ಲ ಕಲಿತಳು. ನಡುವಂತರದ ಎಲೆಗಳಲ್ಲೂ ಒಂದಿಷ್ಟು ದುಡ್ಡು ಇಡತೊಡಗಿದಳು. ಸಣ್ಣ ಸಣ್ಣ ರಾಶಿಗಳನ್ನು ಗೆದ್ದಳು. ಆದರೆ ಬರಿಗೈಯಲ್ಲಿ ಎಲ್ಲವನ್ನೂ ಮುಂದೆ ತಳ್ಳುವ ಹೊತ್ತು ಬಂದಾಗಲೆಲ್ಲ ಬೆರಳು ಎಸೆಯುವ ಗುಂಡಿಗೇ ಹೋಗುತ್ತಿತ್ತು. ಈಸ್ಟರ್ ಹತ್ತಿರವಾಗುತ್ತಿತ್ತು, ಬೇಕರಿಯಲ್ಲಿ ಶಿಲುಬೆ ಗುರುತಿನ ಬನ್ನಿನ ಕೆಲಸ ನನ್ನ ಸೊಂಟ ಮುರಿಯುತ್ತಿತ್ತು. ಆದರೂ ರಜೆಯ ಬೆಳಗು ಅವಳ ಅಡುಗೆಮನೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆಡಿಸಲು ಅಲ್ಲ. ನಾನು ಆ ಆಟ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನನ್ನಂಥವಳು ಮುಟ್ಟಿದರೆ ಮನೆಯ ಹೆಂಚೂ ಉಳಿಯುವುದಿಲ್ಲ. ಅವಳ ಪಕ್ಕ ಯಾರಾದರೂ ಇರಲಿ ಎಂದು, ಅಷ್ಟೆ.

ಅವಳ ಟೇಬಲ್ಲಿಗೆ ದಿನವೂ ಬರುತ್ತಿದ್ದವರಲ್ಲಿ ಪೆಕ್ಕಾ ಎಂಬ ಫಿನ್ಲೆಂಡಿನ ಮುದುಕನೊಬ್ಬ. ಮೊದಲು ಲಾರಿ ಓಡಿಸುತ್ತಿದ್ದನಂತೆ. ಪರದೆಯಲ್ಲಿ ಆಟದ ಪಕ್ಕ ಹರಟೆಗೆಂದಿದ್ದ ಪೆಟ್ಟಿಗೆಯಲ್ಲಿ ನಾಲ್ಕು ಮಾತು ಬರೆಯುತ್ತಿದ್ದ. ಅಲ್ಲಿ ಹಿಮ ಎಷ್ಟು ಬಿತ್ತು, ಇಲ್ಲಿ ಟೊಮೇಟೊ ಹಣ್ಣಾಯಿತೇ, ಇಂಥವು. ಆಟ ಬಲ್ಲವನು, ಮರ್ಯಾದಸ್ಥ. ನಾನು ಹಾಗೆ ಪಕ್ಕದಲ್ಲಿ ಕೂತಿದ್ದ ಒಂದು ಬೆಳಿಗ್ಗೆ ಒಂದು ಟೇಬಲ್ಲಿನಲ್ಲಿ ಉಳಿದವರು ಅವನೂ ಡೋರೀನೂ ಇಬ್ಬರೇ.

ಡೋರೀನ್ ಕೈಯಲ್ಲಿ ಇಸ್ಪೇಟಿನ ಆರು ಮತ್ತು ಏಳು. ಟೇಬಲ್ಲಿನ ಮೇಲೆ ಮೊದಲು ಬಿದ್ದ ಮೂರರಲ್ಲಿ ಒಂದು ರಾಜ, ಎರಡು ಇಸ್ಪೇಟು. ಇನ್ನೊಂದು ಇಸ್ಪೇಟು ಬಿದ್ದರೆ ಐದು ಇಸ್ಪೇಟು ಕೂಡಿ ಅವಳದು ದೊಡ್ಡ ಕೈ. ನಾಲ್ಕನೆಯದು ಬಿತ್ತು, ಇಸ್ಪೇಟಲ್ಲ. ಐದನೆಯದು ಬಿತ್ತು, ಆಟೀನಿನ ಎಕ್ಕ. ಅವಳ ಕೈಯಲ್ಲಿ ಏನೂ ಇಲ್ಲ, ಒಂದು ಜೋಡಿ ಕೂಡ ಇಲ್ಲ. ನಡುವೆ ಮಾತ್ರ ಆ ವಾರದಲ್ಲೇ ದೊಡ್ಡ ರಾಶಿ ಬಿದ್ದಿತ್ತು. ಪೆಕ್ಕಾ ಒಂದಿಷ್ಟು ದುಡ್ಡು ಇಟ್ಟ.

ಅವಳ ಬೆರಳು ಎಸೆಯುವ ಗುಂಡಿಯತ್ತ ಹೋಯಿತು.

"ಎಕ್ಕ ಬಿದ್ದಿದೆ," ಎಂದೆ ನಾನು ಪಿಸುದನಿಯಲ್ಲಿ.

"ನನ್ನ ಹತ್ರ ಎಕ್ಕ ಇಲ್ಲ."

"ಅದು ಅವನಿಗೆ ಗೊತ್ತಾ?"

ಅವಳು ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ತೆರೆದು, ಇದ್ದದ್ದನ್ನೆಲ್ಲ ಮುಂದೆ ತಳ್ಳಿದಳು. ಪರದೆಯ ಮೇಲೆ ಪೆಕ್ಕಾನ ಸಮಯ ಕರಗುತ್ತ ಹೋಯಿತು. ಅವನು ಹೆಚ್ಚಿನ ಸಮಯ ಕೇಳಿ ಅದನ್ನೂ ಕರಗಿಸಿದ. ಡೋರೀನ್ ಎರಡೂ ಕೈಗಳನ್ನು ಏಪ್ರನ್ನಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ಅವನು ಅಲ್ಲಿಂದ ನೋಡಿಬಿಟ್ಟರೆ ಎಂಬ ಭಯವೋ ಏನೋ. ಕೊನೆಗೆ ಪೆಟ್ಟಿಗೆಯಲ್ಲಿ ಅವನ ಮಾತು ಮೂಡಿತು.

"ಡೋರೀನ್, ಬೇರೆ ಯಾರಾದ್ರೂ ಆಗಿದ್ರೆ ನೋಡೇ ಬಿಡ್ತಿದ್ದೆ. ನೀನಾದ್ರಿಂದ ಬಿಟ್ಟೆ. ಒಳ್ಳೆ ಎಕ್ಕ ಬಿತ್ತು ನಿನಗೆ." ತನ್ನ ಎರಡೂ ಎಲೆಯನ್ನು ತೋರಿಸಿ ಎಸೆದ. ರಾಜ, ರಾಣಿ. ಟೇಬಲ್ಲಿನ ರಾಜನ ಜೊತೆ ಸೇರಿ ಗೆಲ್ಲುವ ಜೋಡಿ ಅವನದೇ ಆಗಿತ್ತು.

ರಾಶಿ ಸರಸರನೆ ಜಾರಿ ಇವಳ ಕಡೆಗೆ ಬಂತು. ನಾನು ಕುರ್ಚಿಯಿಂದ ಎದ್ದು ಕುಣಿದೆ, ಸೊಂಟ ನೋವನ್ನೂ ಮರೆತೆ. ತಿರುಗಿ ನೋಡಿದರೆ ಡೋರೀನ್ ಅದೇ ಪೆಟ್ಟಿಗೆಯಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತಿದ್ದಾಳೆ. 'ಪ್ರಿಯ ಪೆಕ್ಕಾ, ಕ್ಷಮಿಸು' ಎಂಬಷ್ಟು ಆಗಿತ್ತು.

"ಏಯ್! ಏನು ಮಾಡ್ತಿದೀಯ?"

"ಪಾಪ ಕಣೇ, ಅವನು ನನ್ನನ್ನ ನಂಬಿದ."

"ಬರೆದೀಯ ಜೋಕೆ! ಆ ಆಟಕ್ಕೆ ಕೂತವನು ಅದಕ್ಕೇ ಕೂತಿರೋದು. ಪಾಪನಿವೇದನೆ ಮಾಡೋದಿದ್ರೆ ಪಾದ್ರಿ ಹತ್ರ ಮಾಡು, ಅವನಿಗೆ ಹೇಗೂ ಅರ್ಥ ಆಗಲ್ಲ."

ಅವಳು ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು. ಅಳಿಸುತ್ತ ಅಳಿಸುತ್ತ ನಗತೊಡಗಿದಳು. ಭುಜ ಕುಲುಕಿಸಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕಳು. ನಾವು ಹುಡುಗಿಯರಾಗಿದ್ದಾಗ ಮೇಸ್ತ್ರಿಯ ಟೋಪಿಯೊಳಗೆ ಕಾಗದದ ಚೂರು ತುಂಬಿ ಅಡಗಿಕೊಂಡಿದ್ದೆವು. ಆಗ ನಕ್ಕ ಹಾಗೆ ಅವಳು ಮತ್ತೆ ನಕ್ಕದ್ದನ್ನು ನಾನು ಕಂಡದ್ದು ಆ ಬೆಳಿಗ್ಗೆಯೇ.

ಒಂದು ರಾಶಿ ಗೆದ್ದ ಮಾತ್ರಕ್ಕೆ ಯಾರ ಬದುಕೂ ಹಸನಾಗುವುದಿಲ್ಲ. ಮುಂದಿನ ವಾರಗಳಲ್ಲಿ ಅವಳು ಗೆದ್ದಳು, ಸೋತಳು, ಒಮ್ಮೆ ಎರಡು ದಿನ ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿಟ್ಟಳು. ಯಾರೋ ಒಬ್ಬ ಅವಳ ಸುಳ್ಳನ್ನು ಹಿಡಿದೇಬಿಟ್ಟ. ಅಂದು ಇಡೀ ದಿನ ಅವಳಿಗೆ ಊಟ ಸೇರಲಿಲ್ಲ. ಆದರೆ ಅದರ ನಂತರ ಒಂದು ವಿಚಿತ್ರ ನಡೆಯಿತು. ಡೋರೀನ್ ಬರಿಗೈಯಲ್ಲೂ ದುಡ್ಡಿಡುತ್ತಾಳೆ ಎಂದು ಸುದ್ದಿಯಾದ ಮೇಲೆ, ನಿಜವಾಗಿ ಎಕ್ಕದ ಜೋಡಿ ಬಂದಾಗ ಜನ ಎಸೆದು ಓಡಲಿಲ್ಲ. ಕೂತು ದುಡ್ಡು ಕೊಟ್ಟರು. ರಾಶಿಗೆ ಅವಳ ದುಡ್ಡು ಬೀಳತೊಡಗಿದ್ದರಿಂದ ಪಾಯಿಂಟೂ ಮೆಲ್ಲಗೆ ಕೂಡಿತು. ಬೆಳ್ಳಿಯಿಂದ ಕೆಳಗೆ ಬೀಳಲಿಲ್ಲ. ನೀಲಮಣಿ ಇನ್ನು ಕನಸಿನ ಮಾತು. ಅದರ ಯೋಚನೆಯನ್ನೇ ಬಿಟ್ಟುಬಿಟ್ಟೆ ಎಂದಳು. ಇದೆಲ್ಲ ಸೇರಿಸಿದರೂ ನಿಯಮ ಬದಲಾಗುವ ಮೊದಲು ಸೈಟಿನಿಂದ ಬರುತ್ತಿದ್ದ ಸಂಬಳದ ಮುಕ್ಕಾಲು ಪಾಲಷ್ಟೇ ಬರುತ್ತಿತ್ತು. ಆ ಮುಕ್ಕಾಲಿನಲ್ಲಿ ಮನೆ ಬಾಡಿಗೆ ನಡೆದರೆ ಅಂಗಡಿಯ ಸಾಮಾನು ನಡೆಯುತ್ತಿರಲಿಲ್ಲ.

ಈಸ್ಟರಿಗೆ ಮುಂಚಿನ ಶುಭ ಶುಕ್ರವಾರ ಬೇಕರಿಗೆ ರಜೆ. ಉಳಿದ ಬನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆಯೇ ಅವಳ ಮನೆಗೆ ಹೋದೆ. ಬೆಣ್ಣೆ ಸವರುತ್ತಿದ್ದಾಗ ಗೋಡೆಯ ಫೋನು ಬಡಿದುಕೊಂಡಿತು. ಜಾಯ್ಸ್. ಅಡಿಲೇಡಿನಿಂದ ಫೋನಿಲ್ಲದೆಯೂ ಕೇಳಿಸುವಂಥ ಗಂಟಲು ಅವಳದು, ನಾನು ಕದ್ದು ಕೇಳಿದೆನೆಂದು ಯಾರೂ ಅನ್ನಬೇಡಿ.

"ಡೋರಿ, ಕೊನೇ ಸಲ ಕೇಳ್ತಿದೀನಿ. ಬರ್ತೀಯೋ ಇಲ್ವೋ? ನರ್ಸಿಂಗ್ ಓದೋ ಹುಡುಗಿ ಒಬ್ಳು ಬಂದು ಕೋಣೆ ನೋಡ್ಕೊಂಡು ಹೋಗಿದಾಳೆ. ಸೋಮವಾರ ಸಾಮಾನು ತರ್ತೀನಿ ಅಂತಾಳೆ. ಈಗ ಬಿಟ್ರೆ ಆಮೇಲೆ ಕೋಣೆ ಇರಲ್ಲ ನೋಡು."

ನಾನು ಚಾಕು ಕೆಳಗಿಟ್ಟೆ. ಹಿಂದಿನ ಇಡೀ ವಾರ ಡೋರೀನ್ ಸೋತಿದ್ದಳು, ಅದು ನನಗೆ ಗೊತ್ತಿತ್ತು. ಇನ್ನು 'ಯೋಚಿಸಿ ಹೇಳ್ತೀನಿ' ಅನ್ನುತ್ತಾಳೆ, ಯೋಚಿಸುವಷ್ಟರಲ್ಲಿ ಕೋಣೆಯೂ ಹೋಗುತ್ತದೆ, ಆಮೇಲೆ ಯಾರದೋ ದಾಕ್ಷಿಣ್ಯದಲ್ಲಿ ಎಲ್ಲೋ ಬದುಕುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನೆಟ್ಟಗೆ ನಿಂತುಕೊಂಡಳು.

"ಕೋಣೆ ಆ ಹುಡುಗಿಗೆ ಕೊಡು ಜಾಯ್ಸ್."

"ಹಾಂ? ಮತ್ತೆ ನಿನ್ನ ಜೀವನಕ್ಕೆ?"

"ನನ್ನ ದುಡಿಮೆ ಇದೆ. ನನಗೆ ಸಾಕಾಗುತ್ತೆ."

"ನಿಜವಾಗ್ಲೂ?"

"ಆರಾಮಾಗಿ ಸಾಕಾಗುತ್ತೆ."

ಜಾಯ್ಸ್ ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಟ್ಟಿದಾಗಿನಿಂದ ತಂಗಿಯನ್ನು ಬಲ್ಲವಳು ಅವಳು. ಖಾತ್ರಿಯಿಲ್ಲದ ಒಂದು ಮಾತನ್ನೂ ತಂಗಿಯ ಬಾಯಲ್ಲಿ ಕೇಳಿದವಳಲ್ಲ.

"ಅಬ್ಬಾ, ನಾನು ಸುಮ್ಮನೆ ಹೆದರಿದ್ದೆ ಕಣೇ," ಎಂದಳು ಜಾಯ್ಸ್. ಅವಳ ದನಿಯಲ್ಲಿದ್ದ ಭಾರವೆಲ್ಲ ಇಳಿದಿತ್ತು. "ನೀನೇ ಹೇಳಿದ ಮೇಲೆ ಇನ್ನೇನು. ಒಳ್ಳೇದಾಯ್ತು ಬಿಡು." ಈಸ್ಟರಿನ ಶುಭಾಶಯ ಹೇಳಿ ಫೋನಿಟ್ಟಳು.

ಡೋರೀನ್ ಫೋನನ್ನು ಗೋಡೆಗೆ ಸಿಕ್ಕಿಸಲು ಮೂರು ಸಲ ಪ್ರಯತ್ನಿಸಿದಳು.

"ಸಾಕಾಗುತ್ತೇನೇ?" ಎಂದೆ.

"ಇನ್ನೂ ಇಲ್ಲ," ಎಂದಳು.

ನಾನು ಅವಳನ್ನು ತಬ್ಬಿಕೊಂಡೆ. ನಾವು ಅಂಥದ್ದನ್ನೆಲ್ಲ ಮಾಡುವವರಲ್ಲ. ಅವಳು ನನ್ನ ತೋಳು ಬಿಡಿಸಿಕೊಂಡು ಕುರ್ಚಿ ಎಳೆದಳು.

"ಸ್ವಲ್ಪ ಸರ್ಕೋ ನೋಲಾ. ಟೇಬಲ್‌ನವರೆಲ್ಲ ಬರೋ ಹೊತ್ತಾಯ್ತು," ಎಂದು ಕಂಪ್ಯೂಟರ್ ತೆರೆದು ಕೂತಳು.